ಕಿವಿಯೊಂದೇ ಸಾಲದು

ಎಂಜಿನ್ನಿನ ಸದ್ದು ಕೇಳಿಯೇ ಕಾರ್ಬುರೇಟರನ್ನು ಹದಗೊಳಿಸಬಲ್ಲೆವೆಂಬ ಜಂಬ ಹಲವರಿಗುಂಟು. ಎರಡು ಕಾರ್ಬುರೇಟರುಗಳಿರುವಲ್ಲಿ ಅದು ಸಲ್ಲದೆಂಬುದು ನಮ್ಮ ಮತ.

1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ‘ಯಮಾಹಾ ಬ್ಯಾನ್‌ಶೀ’ ಎಂಬ, ಮರಳುದಿಬ್ಬಗಳನ್ನೇರುವ ನಾಲ್ಕು ಚಕ್ರದ ವಾಹನವನ್ನೇ ನೋಡಿರಿ. ಅದರ 347 ಘನ ಸೆಂಟಿಮೀಟರಿನ ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳು. ಒಂದೊಂದಕ್ಕೆ ಒಂದೊಂದು ಕಾರ್ಬುರೇಟರು. ಇವುಗಳ ಕವಾಟಗಳು ಏಕಕಾಲದಲ್ಲಿ ಸಮನಾಗಿ ಮೇಲೇಳದಿದ್ದರೆ ಎಂಜಿನ್ನು ಮುಗ್ಗರಿಸುತ್ತದೆ. ಇಂಧನ ಹೆಚ್ಚಾಯಿತೆಂದು ಭ್ರಮಿಸಿ, ಅದನ್ನು ಅಳೆದು ಬಿಡುವ ಜೆಟ್ಟುಗಳನ್ನು ಕಿರಿದುಗೊಳಿಸಿದೆವೋ, ಅನರ್ಥವೇ ಸರಿ! ಪಿಸ್ಟನ್ನಿಗೆ ಕೀಲೆಣ್ಣೆ ದೊರೆಯುವುದು ಪೆಟ್ರೋಲಿನೊಡನೆಯೇ. ಪೆಟ್ರೋಲು ತಗ್ಗಿದರೆ ಎಣ್ಣೆಯೂ ತಗ್ಗುತ್ತದೆ. ತಾಪವೇರಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಆದುದರಿಂದ ಮೊದಲು ಕವಾಟಗಳ ಎತ್ತರವನ್ನು ಅಳೆದು ಸರಿದೂಗಿಸಬೇಕು. ಆ ಬಳಿಕವೇ ಜೆಟ್ಟಿನ ವಿಚಾರ. ಎರಡು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ನೋಡಬೇಕು: ಬಿಳಿಚಿದ್ದರೆ ಇಂಧನ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಗಿದೆ. ಅಳೆಯದೆ ತಿದ್ದುವುದು ವಿಜ್ಞಾನವಲ್ಲ.