ಬದುವಿನ ಮರಕ್ಕೆ ಕಾವಲು ಯಾರು?

ಜುಲೈ ತಿಂಗಳು ಬಂತೆಂದರೆ ಎಲ್ಲೆಲ್ಲೂ ವನಮಹೋತ್ಸವದ ಸಡಗರ. 1950ರಲ್ಲಿ ಕೆ. ಎಂ. ಮುನ್ಶಿಯವರು ಸದುದ್ದೇಶದಿಂದ ಆರಂಭಿಸಿದ ಈ ಉತ್ಸವವು ಇಂದು ಬಹುಮಟ್ಟಿಗೆ ಗುಂಡಿ, ಗಣ್ಯರು, ಛಾಯಾಚಿತ್ರ ಇಷ್ಟಕ್ಕೇ ನಿಂತಿದೆ. ಹೋದ ವರ್ಷದ ಗುಂಡಿಯಲ್ಲಿಯೇ ಈ ವರ್ಷವೂ ಸಸಿ ನೆಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮಠಗಳು ಇದಕ್ಕೆ ಹೊರತಲ್ಲ. ನಮ್ಮ ಮಠವೂ ಹೊರತಲ್ಲ.

ನೆಡುವ ಭರದಲ್ಲಿ, ಇದ್ದುದನ್ನು ಕಳೆದುಕೊಳ್ಳುತ್ತಿರುವ ಎಚ್ಚರವೇ ನಮಗಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ವಾಂಸರು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2018ರಿಂದ 2022ರ ಅವಧಿಯಲ್ಲಿ ಭಾರತದ ಹೊಲಗದ್ದೆಗಳಿಂದ 50 ಲಕ್ಷಕ್ಕೂ ಮಿಕ್ಕ ದೊಡ್ಡ ಮರಗಳು ಕಾಣೆಯಾಗಿವೆ. ಅರಣ್ಯದಿಂದಲ್ಲ, ನಮ್ಮ ನಿಮ್ಮ ಹೊಲಗಳಿಂದ! ಇದಕ್ಕೆ ಯಾವ ಕಾಡುಗಳ್ಳನನ್ನು ದೂರೋಣ?

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿಯು ನಮ್ಮ ಹೊಲ, ಗೋಮಾಳಗಳನ್ನು ಹೊಕ್ಕಿತು. ಆಗ ಮಠದ ವಿದ್ಯಾರ್ಥಿಗಳಾಗಿದ್ದ ನಾವೂ, ಹೊಂಗೆ ಕಡಿದ ಬದುವಿನಲ್ಲಿ ನೀಲಗಿರಿ ನೆಟ್ಟು ಪುಣ್ಯ ಬಂತೆಂದುಕೊಂಡವರೇ. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಕಿತ್ತು ಉಪಯುಕ್ತ ಸಸಿಗಳನ್ನು ಹಚ್ಚಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಹಳ್ಳಿಗರಿಗೆ ತಿಳಿದದ್ದು ಆಳುವವರಿಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

'ನೆರಳು ಬಿದ್ದಲ್ಲಿ ಬೆಳೆ ಬಾರದು' ಎಂಬುದು ರೈತಬಂಧುಗಳ ಆಕ್ಷೇಪ. ಬುಡದ ಸುತ್ತ ಪೈರು ಸೊರಗುವುದುಂಟು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಹೊಂಗೆಯ ಬೇರು ಗಾಳಿಯಲ್ಲಿನ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅದರ ಸೊಪ್ಪೂ ಹಿಂಡಿಯೂ ಗೊಬ್ಬರ. ಬಿತ್ತನೆಗೆ ಮುನ್ನ ರೆಂಬೆ ಸವರಿದರೆ ನೆರಳೂ ತಗ್ಗುತ್ತದೆ, ಸೊಪ್ಪೂ ದಕ್ಕುತ್ತದೆ. ಕರಿಜಾಲಿಯ ಕಾಯಿ ಆಡು ಕುರಿಗಳಿಗೆ ಮೇವು. ಒಂದು ಸಾಲು ಜೋಳದ ನಷ್ಟವನ್ನು ಬರೆದಿಡುವ ನಾವು ಈ ಲಾಭವನ್ನೇಕೆ ಬರೆದಿಡುವುದಿಲ್ಲ?

ಆದ್ದರಿಂದ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನಾವು ಕೇಳುವುದು ಕಾಣಿಕೆಯನ್ನಲ್ಲ, ವರ್ಷಕ್ಕೆ ನಾಲ್ಕು ದಿನಗಳ ಮೈದುಡಿಮೆಯನ್ನು. ಕಡಿದ ಹೊಂಗೆ, ಬೇವುಗಳ ಬೊಡ್ಡೆ ಮತ್ತೆ ಚಿಗುರುತ್ತದೆ. ಹಕ್ಕಿ ಉದುರಿಸಿದ ಬೀಜದಿಂದ ಬೇವು, ನೇರಳೆಗಳು ಬದುವಿನಲ್ಲಿ ತಾವಾಗಿಯೇ ಹುಟ್ಟುತ್ತವೆ. ಹೊಸ ಸಸಿ ತರುವ ಮುನ್ನ ಇವನ್ನು ಗುರುತಿಸಿರಿ, ನೇರವಾದ ಒಂದೆರಡು ಚಿಗುರು ಉಳಿಸಿ ಮಿಕ್ಕವನ್ನು ಸವರಿರಿ, ಮುಳ್ಳುಬೇಲಿ ಕಟ್ಟಿರಿ, ಬೇಸಗೆಯಲ್ಲಿ ಬದುವಿಗೆ ಬೆಂಕಿ ಹಚ್ಚದಂತೆ ಹೊಲದೊಡೆಯರ ಮನವೊಲಿಸಿರಿ. ಮೂರು ಬೇಸಗೆ ದಾಟಿದ ಗಿಡವನ್ನಷ್ಟೇ ನಮ್ಮ ಲೆಕ್ಕಕ್ಕೆ ಹಿಡಿಯೋಣ.

ಕಾಯಕವೆಂದು ಬಾಯಲ್ಲಿ ನುಡಿದವರು ಬದುವಿನ ಮೇಲೆ ನಿಲ್ಲದಿದ್ದರೆ ಆ ನುಡಿಗೆ ಬೆಲೆಯಿಲ್ಲ. ಈ ವರ್ಷ ಮಠದ ಹೊಲದಿಂದಲೇ ಕಾರ್ಯಾರಂಭ. ಮೊದಲ ಮುಳ್ಳುಕಂಟಿಯನ್ನು ನಾವೇ ಹೊತ್ತು ತರುತ್ತೇವೆ. ಎಲ್ಲರೂ ಬನ್ನಿರಿ. ಛಾಯಾಚಿತ್ರಗ್ರಾಹಕರಿಗೆ ಮಾತ್ರ ಆಹ್ವಾನವಿಲ್ಲ.