ಪಿಸ್ತೂಲಿನ ಮೇಲೆ ಎರಡಕ್ಷರ

ಹಾಸನದ ನಮ್ಮ ಮನೆಯಲ್ಲಿ ಎರಡು ಹಳೇ ಮೆಷಿನ್‌ಗಳಿದ್ದವು. ಒಂದು ಅಜ್ಜಿಯ ಸಿಂಗರ್ ಹೊಲಿಗೆ ಯಂತ್ರ. ಇನ್ನೊಂದು, ಸೀನಿಯರ್ ಟೈಪಿಂಗ್ ಪಾಸಾದ ಖುಷಿಗೆ ಅಮ್ಮ ಸೆಕೆಂಡ್ ಹ್ಯಾಂಡ್ ಕೊಂಡ ರೆಮಿಂಗ್ಟನ್ ಟೈಪ್‌ರೈಟರ್. ಈ ಎರಡು ಹೆಸರು ನನಗೆ ಮತ್ತೆ ಜೊತೆಯಾಗಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಪಿಸ್ತೂಲು ಮಾಡಿಕೊಟ್ಟ ಕಂಪನಿಗಳ ಪಟ್ಟಿಯಲ್ಲಿ!

ಕಥೆ ಶುರುವಾಗಿದ್ದು ಒಹಾಯೊ ರಾಜ್ಯದಲ್ಲಿ. ಕಂಪನಿ ಕೆಲಸದ ಮೇಲೆ ಒಂದು ವರ್ಷ ಕೊಲಂಬಸ್ ಹತ್ತಿರ ಇದ್ದೆ. ಮೇಲಿನ ಮಹಡಿ ನನಗೆ, ಕೆಳಗೆ ಮನೆ ಓನರ್. ಎಪ್ಪತ್ತು ದಾಟಿದ, ಒಂಟಿಯಾಗಿದ್ದ ಹಿರಿಯರು. ಭಾನುವಾರ ನಾನು ಮಾಡಿದ ಉಪ್ಪಿಟ್ಟಿನಲ್ಲಿ ಅವರಿಗೊಂದು ಪಾಲು. ಪ್ರತಿಯಾಗಿ ಅವರ ಅಡುಗೆಮನೆಯ ಕಾಫಿ, ಅದು ಕಾಫಿ ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೆವು ಅಷ್ಟೆ.

ಒಂದು ಭಾನುವಾರ ಅವರು ಒಂದು ಮರದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಒಳಗೆ ಬೂದುಬಣ್ಣದ ಪಿಸ್ತೂಲು. ಮೊದಲು ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಖಾಲಿ ಅಂತ ನನಗೂ ತೋರಿಸಿ ಆಮೇಲೆ ಕೆಳಗಿಟ್ಟರು. ಪೆಟ್ಟಿಗೆಯ ಮುಚ್ಚಳದ ಒಳಗೆ ಹಳದಿಯಾದ ಚೀಟಿ: ‘ಅಪ್ಪ, 1945’.

ಅವರ ತಂದೆ ಯುರೋಪಿನಲ್ಲಿ ಯುದ್ಧ ಮಾಡಿದವರು. ಮನೆಯ ಕಥೆ ಏನಂದ್ರೆ, ಯುದ್ಧ ಮುಗಿದಾಗ ಸೊಂಟದಲ್ಲಿದ್ದ ಪಿಸ್ತೂಲನ್ನು ವಾಪಸ್ ಕೊಡದೆ ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಮನೆಗೆ ತಂದರು ಅಂತ. ಶತ್ರುಗಳಿಂದ ವಶಪಡಿಸಿಕೊಂಡ ಪಿಸ್ತೂಲನ್ನು ಮೇಲಧಿಕಾರಿ ಸಹಿ ಹಾಕಿದ ಕಾಗದದೊಂದಿಗೆ ತರಬಹುದಿತ್ತು. ತನ್ನದೇ ಸೈನ್ಯದ ಪಿಸ್ತೂಲು ಮಾತ್ರ ಸರ್ಕಾರದ ಆಸ್ತಿ. ಅಂದರೆ ಕದ್ದು ತಂದ ಹಾಗೆ. ‘ಜೀವನದಲ್ಲಿ ಒಂದು ಪೆನ್ಸಿಲ್ ಕೂಡ ಆಫೀಸಿನಿಂದ ತರದ ಮನುಷ್ಯ, ಇದೊಂದನ್ನು ತಂದ’ ಅಂತ ಓನರ್ ನಕ್ಕರು. ನೀನು ಕಂಪ್ಯೂಟರ್ ಹುಡುಗ, ಇದರ ಮೇಲೆ ಬರೆದಿರೋದೆಲ್ಲ ಏನು ಅಂತ ಹುಡುಕಿಕೊಡು, ಮೊಮ್ಮಗನಿಗೆ ಕೊಡುವಾಗ ಬರೆದಿಡಬೇಕು ಅಂದರು.

ನನಗೋ ಪಿಸ್ತೂಲು ಅಂದ್ರೆ ಸಿನಿಮಾದ್ದು. ಆದರೆ ಬೇರೆಯವರು ಬರೆದ ಹಳೇ ಕೋಡ್ ಓದೋದು ನನ್ನ ದಿನನಿತ್ಯದ ಕೆಲಸ. ಕಾಮೆಂಟ್ ನಂಬಬೇಡ, ಯಾರು ಯಾವಾಗ ಏನು ಬದಲಾಯಿಸಿದರು ನೋಡು, ಅಂತ ನಮಗೆ ಮೊದಲ ದಿನವೇ ಹೇಳಿಕೊಡ್ತಾರೆ. ಇದೂ ಹಾಗೇ ಇರಬಹುದು ಅಂದುಕೊಂಡು ಒಪ್ಪಿಕೊಂಡೆ. ಮೂರು ವಾರ ಹೋಯ್ತು.

ಪಿಸ್ತೂಲು ಎಂ1911ಎ1. ಜಾನ್ ಬ್ರೌನಿಂಗ್ ವಿನ್ಯಾಸ, 1911ರಲ್ಲಿ ಸೈನ್ಯ ಒಪ್ಪಿಕೊಂಡಿದ್ದು, 1920ರ ದಶಕದಲ್ಲಿ ಒಂದಿಷ್ಟು ತಿದ್ದಿ ಹಿಂದೆ ‘ಎ1’ ಸೇರಿಸಿದ್ದು. ಇದರಲ್ಲಿ ಎರಡು ಮುಖ್ಯ ಭಾಗ. ಹಿಡಿಯಿರುವ ಕೆಳಭಾಗ ಫ್ರೇಮ್, ಮೇಲೆ ಹಿಂದೆ ಮುಂದೆ ಓಡುವುದು ಸ್ಲೈಡ್. ಸೀರಿಯಲ್ ನಂಬರ್ ಇರುವುದು ಫ್ರೇಮಿನ ಬಲಬದಿಯಲ್ಲಿ, ಜೊತೆಗೆ ‘ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ’ ಎಂಬ ಅಕ್ಷರಗಳು. ತಯಾರಕರ ಹೆಸರು ಸ್ಲೈಡಿನ ಎಡಬದಿಯಲ್ಲಿ. ಈ ಎರಡು ಬೇರೆ ಬೇರೆ ಕಡೆ ಇರೋದೇ ಎಲ್ಲ ತಾಪತ್ರಯದ ಮೂಲ.

ಯಾಕಂದ್ರೆ ಯುದ್ಧಕಾಲದ ಈ ಪಿಸ್ತೂಲುಗಳಲ್ಲಿ ಸ್ಲೈಡಿಗೆ ಸಾಮಾನ್ಯವಾಗಿ ನಂಬರ್ ಹಾಕುತ್ತಿರಲಿಲ್ಲ. ಜರ್ಮನಿಯ ಲೂಗರ್ ನೋಡಿ, ಅದರ ಚಿಕ್ಕಚಿಕ್ಕ ಬಿಡಿಭಾಗದ ಮೇಲೂ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಇರುತ್ತೆ. ಎಲ್ಲ ಹೊಂದಿದರೆ ಬೆಲೆ ಏರುತ್ತೆ. ಅದಕ್ಕೇ ಬೇರೆ ಪಿಸ್ತೂಲಿನ ಭಾಗ ತಂದು, ಹಳೇ ಅಂಕಿ ಉಜ್ಜಿ, ಹೊಸ ಅಂಕಿ ಹೊಡೆಯುವವರೂ ಇದ್ದಾರೆ. ಲೂಗರಿನ ಗುರುತುಗಳದ್ದೇ ಒಂದು ಪುರಾಣ. ವರ್ಸೇಲ್ಸ್ ಒಪ್ಪಂದದ ಕಣ್ಣು ತಪ್ಪಿಸಲು ಮೌಸರ್ ಕಂಪನಿ ತನ್ನ ಹೆಸರಿನ ಬದಲು ‘ಎಸ್/42’ ಅಂತ ಹಾಕುತ್ತಿತ್ತು, ಇಸವಿಯ ಬದಲು 1934ಕ್ಕೆ ‘ಕೆ’, 1935ಕ್ಕೆ ‘ಜಿ’. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ.

ಓನರ್ ಪಿಸ್ತೂಲಿನ ಫ್ರೇಮಿನ ಸೀರಿಯಲ್ ನಂಬರನ್ನು ಪಟ್ಟಿಗೆ ಹೋಲಿಸಿದರೆ ಅದು ರೆಮಿಂಗ್ಟನ್ ರ್‍ಯಾಂಡ್, 1944. ಅಮ್ಮನ ಟೈಪ್‌ರೈಟರ್ ಕಂಪನಿ! ಇಲ್ಲೊಂದು ತಮಾಷೆ ಇದೆ. ರೆಮಿಂಗ್ಟನ್ ಮೂಲದಲ್ಲಿ ಬಂದೂಕಿನ ಕಂಪನಿ. 1873ರಲ್ಲಿ ಟೈಪ್‌ರೈಟರ್ ಮಾಡಲು ಶುರುಮಾಡಿ 1886ರಲ್ಲಿ ಆ ವ್ಯಾಪಾರ ಮಾರಿಬಿಟ್ಟಿತು. ಹಾಗೆ ಬೇರೆಯಾದ ಟೈಪ್‌ರೈಟರ್ ಕವಲು ಯುದ್ಧ ಬಂದಾಗ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಪಿಸ್ತೂಲು ಮಾಡಿತು, ಅದೂ 8 ಲಕ್ಷಕ್ಕಿಂತ ಹೆಚ್ಚು. ಆ ಯುದ್ಧದಲ್ಲಿ ಈ ಮಾದರಿಯನ್ನು ಅಷ್ಟು ಮಾಡಿದವರು ಬೇರೆ ಯಾರೂ ಇಲ್ಲ, ಮೂಲ ತಯಾರಕ ಕೋಲ್ಟ್ ಕೂಡ.

ಅಜ್ಜಿಯ ಸಿಂಗರ್ ಮಾಡಿದ್ದು ಬರೀ 500. 1940ರಲ್ಲಿ, ಮಾಡೋಕಾಗುತ್ತಾ ಅಂತ ನೋಡಲು ಸೈನ್ಯ ಕೊಟ್ಟ ಆರ್ಡರ್. ಆಮೇಲೆ ಸಿಂಗರನ್ನು ಇನ್ನೂ ಸೂಕ್ಷ್ಮವಾದ ಉಪಕರಣಗಳ ಕೆಲಸಕ್ಕೆ ಹಾಕಿದರು. 2017ರ ಒಂದು ಹರಾಜಿನಲ್ಲಿ ಅಂಥ ಒಂದು ಪಿಸ್ತೂಲಿಗೆ 4 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿದೆ. ಇಷ್ಟು ದುಡ್ಡಿದ್ದ ಮೇಲೆ ನಕಲಿ ಇರದೇ ಇರುತ್ತಾ? ಆದರೆ ಅಸಲಿ ಸಿಂಗರ್ ಸ್ಲೈಡಿನ ಮೇಲೆ ‘ಸಿಂಗರ್’ ಅನ್ನೋ ಪದವೇ ಇಲ್ಲ. ‘ಎಸ್. ಎಂಎಫ್‌ಜಿ. ಕೋ.’, ಕೆಳಗೆ ಊರು ಎಲಿಜಬೆತ್, ನ್ಯೂಜೆರ್ಸಿ. ಫ್ರೇಮಿನ ಮೇಲೆ ‘ಜೆಕೆಸಿ’ ಎಂಬ ತಪಾಸಣಾಧಿಕಾರಿಯ ಮೊದಲಕ್ಷರಗಳು. ಸೀರಿಯಲ್ ಎಸ್800001ರಿಂದ ಎಸ್800500ರ ಒಳಗೆ. ಬಣ್ಣ ಕಪ್ಪು-ನೀಲಿ, ಬೂದುಬಣ್ಣವಲ್ಲ. ಇದರಲ್ಲಿ ಒಂದು ಹೊಂದದಿದ್ದರೂ ಕೈ ಮುಗಿದು ಎದ್ದು ಬರೋದು ವಾಸಿ.

ಮೂಲ ಗುರುತು ಗುರುತಿಸೋದು ಅಂದ್ರೆ ಇಷ್ಟೇ ನೋಡಿ. ಒಂಟಿ ಗುರುತು ಏನನ್ನೂ ಸಾಬೀತು ಮಾಡಲ್ಲ. ಎಲ್ಲ ಗುರುತುಗಳೂ ಒಂದಕ್ಕೊಂದು ಸಾಕ್ಷಿ ಹೇಳಬೇಕು, ಜೊತೆಗೆ ಲೋಹವೂ ಒಪ್ಪಬೇಕು. ಅಚ್ಚು ಒತ್ತಿದಾಗ ಲೋಹ ಎಲ್ಲೂ ಹೋಗಲ್ಲ, ಪಕ್ಕಕ್ಕೆ ಸರಿಯುತ್ತೆ. ಅಕ್ಷರದ ಅಂಚಿನಲ್ಲಿ ಸಣ್ಣ ಏರು ಉಳಿಯುತ್ತೆ. ಯಂತ್ರದಲ್ಲಿ ಕೆತ್ತಿದರೆ ಲೋಹ ಕೆರೆದು ಹೋಗುತ್ತೆ, ಆ ಏರು ಇರಲ್ಲ. ಹಾಗೇ ಯಾರಾದರೂ ಹೊಳಪು ಕೊಡಲು ಉಜ್ಜಿದ್ದರೆ ಅಕ್ಷರದ ಅಂಚು ಕರಗಿದ ಸೋಪಿನ ಹಾಗೆ ಮೊಂಡಾಗಿರುತ್ತೆ. ಯುದ್ಧಕಾಲದ ಪಿಸ್ತೂಲುಗಳಲ್ಲಿ ಬೂದು ಫಾಸ್ಫೇಟ್ ಲೇಪನದ ಕೆಳಗೆ ಯಂತ್ರ ಕೊರೆದ ಗೆರೆಗಳು ಕಾಣಬೇಕು. ಅವಸರದಲ್ಲಿ ಮಾಡಿದ್ದು, ಅಂದಕ್ಕೆ ಸಮಯವಿರಲಿಲ್ಲ. ಯುದ್ಧಕಾಲದ್ದು ಅಂತ ಹೇಳಿ ಕನ್ನಡಿಯಂಥದ್ದನ್ನು ತೋರಿಸಿದರೆ ಅನುಮಾನಪಡಿ.

ಓನರ್ ಪಿಸ್ತೂಲಿಗೆ ಬರ್ತೀನಿ. ಫೋನಿನ ಟಾರ್ಚ್ ಪಕ್ಕದಿಂದ ಹಿಡಿದು ಒಂದೊಂದೇ ಗುರುತು ಬರೆದುಕೊಂಡೆ. ಟಾರ್ಚನ್ನು ನೇರ ಹಿಡಿದರೆ ಏನೂ ಕಾಣಲ್ಲ, ಅಡ್ಡಬೆಳಕಿನಲ್ಲೇ ಅಕ್ಷರ ಏಳೋದು. ಫ್ರೇಮಿನ ಎಡಗಡೆ ‘ಎಫ್‌ಜೆಎ’. ಅದು ಫ್ರ್ಯಾಂಕ್ ಜೆ. ಆಟ್‌ವುಡ್ ಎಂಬ ಸೇನಾ ತಪಾಸಣಾಧಿಕಾರಿಯದು. ರೆಮಿಂಗ್ಟನ್ ರ್‍ಯಾಂಡ್‌ಗೆ ಸರಿ. ಸೈನ್ಯ ಪರೀಕ್ಷೆ ಮಾಡಿ ಹಾಕಿದ ‘ಪಿ’ ಗುರುತು, ಅದೂ ಸರಿ. ಬ್ಯಾರಲ್ ಮೇಲೆ ‘ಎಚ್‌ಎಸ್’ ಅಂತಿತ್ತು, ಅಂದರೆ ಹೈ ಸ್ಟ್ಯಾಂಡರ್ಡ್ ಎಂಬ ಬೇರೆ ಕಂಪನಿ. ಸಿಕ್ಕಿಬಿತ್ತು ಕಳ್ಳಮಾಲು ಅಂದುಕೊಂಡೆ. ಇಲ್ಲ, ರೆಮಿಂಗ್ಟನ್ ರ್‍ಯಾಂಡ್ ತನ್ನ ಬ್ಯಾರಲ್‌ಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು, ಹೈ ಸ್ಟ್ಯಾಂಡರ್ಡ್‌ನಿಂದಲೂ. ಅವಸರಕ್ಕೆ ಬಿದ್ದಿದ್ದರೆ ಸರಿಯಾದದ್ದನ್ನೇ ತಪ್ಪು ಅಂದಿರುತ್ತಿದ್ದೆ.

ಆದರೆ ಸ್ಲೈಡಿನ ಮೇಲೆ ಬರೆದಿದ್ದದ್ದು ‘ಇಥಾಕ ಗನ್ ಕೋ.’ ಅದು ಇನ್ನೊಂದು ತಯಾರಕ ಕಂಪನಿ. ರೆಮಿಂಗ್ಟನ್ ದೇಹಕ್ಕೆ ಇಥಾಕ ತಲೆ. ಯುದ್ಧರಂಗದಲ್ಲೂ ಅದಲುಬದಲಾಗಿರಬಹುದು, ಹತ್ತು ಪಿಸ್ತೂಲು ಬಿಚ್ಚಿ ಒಂದೇ ಮೇಜಿನ ಮೇಲೆ ಒರೆಸಿದರೆ ಯಾರದ್ದು ಯಾರಿಗೋ. ಹೀಗೆ ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ಫ್ರೇಮಿನ ಮೇಲೆ ಇನ್ನೊಂದು ಸಾಲು ಕಾಣಿಸ್ತು. ‘ಆರ್‌ಐಎ’, ಪಕ್ಕದಲ್ಲಿ ‘ಇಬಿ’.

ಆರ್‌ಐಎ ಅಂದರೆ ರಾಕ್ ಐಲೆಂಡ್ ಆರ್ಸೆನಲ್. ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದ್ವೀಪವೊಂದರ ಮೇಲಿರುವ ಸೈನ್ಯದ ಕಾರ್ಖಾನೆ. ಬಳಸಿದ ಪಿಸ್ತೂಲುಗಳನ್ನು ಪೂರ್ತಿ ಬಿಚ್ಚಿ, ಸವೆದದ್ದು ಎಸೆದು, ಯಾವ ಕಂಪನಿಯ ಭಾಗ ಸಿಗುತ್ತೋ ಅದನ್ನು ಜೋಡಿಸಿ, ಹೊಸ ಲೇಪನ ಕೊಟ್ಟು, ರಿಪೇರಿಯಾಗಿದೆ ಅಂತ ಮುದ್ರೆ ಹಾಕುತ್ತಿದ್ದರು. ‘ಇಬಿ’ ಅಲ್ಲಿನ ತಪಾಸಣೆಗಾರ ಎಲ್ಮರ್ ಬ್ಯರ್ಕಿಯ ಗುರುತು. ಆ ಗುರುತಿನ ಕಾಲ 1946ರಿಂದ 1958.

ಮತ್ತೆ ಓದಿದೆ. 1946.

1945ರಲ್ಲಿ ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಒಹಾಯೊಗೆ ಬಂದ ಪಿಸ್ತೂಲು ಆಮೇಲೆ ತಾನಾಗಿ ಎದ್ದು ಇಲಿನಾಯ್‌ಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರೋಕಾಗಲ್ಲ.

ಆ ಮುದ್ರೆಯೇ ನಕಲಿ ಇರಬಹುದಾ ಅಂತ ನೋಡಿದೆ. ನಿಜ ಹೇಳ್ತೀನಿ, ಹಾಗಿರಲಿ ಅಂತ ಆಸೆ ಇತ್ತು. ಆದರೆ ಅಂಚಿನ ಏರು ಸರಿಯಾಗಿತ್ತು. ಫ್ರೇಮ್, ಸ್ಲೈಡ್ ಎರಡರ ಮೇಲೂ ಲೇಪನ ಒಂದೇ ಬಣ್ಣ, ಒಂದೇ ಹದ. ಎರಡು ಕಾರ್ಖಾನೆಯ ಭಾಗಗಳು ಒಂದೇ ತೊಟ್ಟಿಯಲ್ಲಿ ಮುಳುಗಿ ಎದ್ದಿದ್ದವು. ರಿಪೇರಿಯಾದ ಪಿಸ್ತೂಲು ಮೂಲಸ್ಥಿತಿಯಲ್ಲಿ ಇಲ್ಲ ಅಂತ ಸಂಗ್ರಹಕಾರರು ಕಡಿಮೆ ಬೆಲೆ ಕಟ್ಟುತ್ತಾರೆ. ಹಾಗಾಗಿ ಬೆಲೆ ಕಡಿಮೆ ಮಾಡೋ ಮುದ್ರೆಯನ್ನು ಯಾರು ಕಷ್ಟಪಟ್ಟು ನಕಲು ಮಾಡ್ತಾರೆ?

ಹೇಳೋದಾ ಬೇಡವಾ? ಒಂದು ವಾರ ಉಪ್ಪಿಟ್ಟು ಕೊಡೋಕೂ ಕೆಳಗಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಸಿಂಗರ್ ‘ಮದುವೆಗೆ ಬಂದ ಬಳುವಳಿ’ ಅಂತಲೇ ಎಲ್ಲರೂ ಹೇಳೋದು. ಅದರ ನಂಬರ್ ನೋಡಿ ಯಾರೋ ಬಾಡಿಗೆದಾರ ‘ಇದು ನಿಮ್ಮಜ್ಜಿ ಮದುವೆಯಾದ ಮೇಲೆ ತಯಾರಾದದ್ದು’ ಅಂದರೆ ನನಗೆ ಹೇಗಾಗುತ್ತೆ ಅಂತ ಯೋಚಿಸಿದೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ‘ಅವರೇ ಕೇಳಿದ್ದಾರೆ ತಾನೇ? ಹೇಳು’ ಅಂತ ಎರಡೇ ಮಾತು. ಆಮೇಲೆ ಅರ್ಧ ಗಂಟೆ ನನ್ನ ಮದುವೆಯ ವಿಷಯ.

ಹೇಳಿದೆ. ನಾನು ಬರೆದ ಪಟ್ಟಿಯನ್ನು ಅವರು ಎರಡು ಸಲ ಓದಿದರು. ಹಾಗಾದರೆ ಇದು ಮನೆಗೆ ಬಂದಿದ್ದು ಹೇಗೆ ಅಂತ ಕೇಳಿದರು. ಒಂದು ದಾರಿ ಇತ್ತು. 1960ರ ದಶಕದ ಆರಂಭದಲ್ಲಿ ನಾಗರಿಕರ ಗುರಿ ಅಭ್ಯಾಸದ ಸರ್ಕಾರಿ ಯೋಜನೆಯಡಿ, ರೈಫಲ್ ಅಸೋಸಿಯೇಷನ್ ಸದಸ್ಯರಿಗೆ ಸೈನ್ಯದ ಹಳೇ ಪಿಸ್ತೂಲುಗಳನ್ನು ಸುಮಾರು 17 ಡಾಲರ್‌ಗೆ ಮಾರುತ್ತಿದ್ದರು. ಹಾಗೆ ಬಂದವುಗಳಲ್ಲಿ ರಿಪೇರಿಯಾದವೂ ಇದ್ದವು. ‘ಅಪ್ಪ ಸದಸ್ಯರಾಗಿದ್ದರು’ ಅಂದರು ಓನರ್. ಮಾಳಿಗೆಯಿಂದ ಎರಡು ಡಬ್ಬ ಕಾಗದ ಇಳಿಸಿ ಮಧ್ಯಾಹ್ನವೆಲ್ಲ ಹುಡುಕಿದೆವು. ವಿದ್ಯುತ್ ಬಿಲ್ಲು, ಚರ್ಚಿನ ರಸೀದಿ, ನಾಯಿಯ ಲೈಸೆನ್ಸ್ ಎಲ್ಲ ಸಿಕ್ಕಿತು. ಪಿಸ್ತೂಲಿನದ್ದು ಸಿಗಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಅಂದರು, ‘ಯುದ್ಧದಲ್ಲಿ ಹಿಡಿದದ್ದನ್ನು ವಾಪಸ್ ಕೊಟ್ಟಿದ್ದಾನೆ. ಹದಿನೈದು ವರ್ಷ ಆದಮೇಲೆ ದುಡ್ಡು ಕೊಟ್ಟು ಅಂಥದ್ದೇ ತರಿಸಿದ್ದಾನೆ. ಕದ್ದೆ ಅಂತ ನಮಗೆ ಸುಳ್ಳು ಹೇಳಿದ್ದಾನೆ.’ ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

‘ಅಪ್ಪ, 1945’ ಚೀಟಿಯನ್ನು ಕೀಳಲಿಲ್ಲ. ಅದರ ಕೆಳಗೆ ನನ್ನ ಪಟ್ಟಿಯನ್ನು ಅಂಟಿಸಿ, ಕೊನೆಯಲ್ಲಿ ತಮ್ಮ ಕೈಯಿಂದ ‘17 ಡಾಲರ್?’ ಅಂತ ಬರೆದು, ಪ್ರಶ್ನಾರ್ಥಕ ಚಿಹ್ನೆಯನ್ನು ಎರಡು ಸಲ ತಿದ್ದಿ ಮುಚ್ಚಳ ಹಾಕಿದರು.

ಊರಿಗೆ ಬಂದವನೇ ಸಿಂಗರ್ ಮೇಲಿನ ಧೂಳು ಒರೆಸಿ ನಂಬರ್ ನೋಡಿದೆ. ‘ವೈ’ ಅಕ್ಷರದಿಂದ ಶುರುವಾಗುತ್ತೆ, ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ. ಇಸವಿಯ ಪಟ್ಟಿ ಫೋನಿನಲ್ಲಿ ತೆರೆದೇ ಇತ್ತು. ಅಷ್ಟರಲ್ಲಿ ಅಮ್ಮ ಬಂದು ‘ಅಜ್ಜಿ ಮದುವೆ ಇಸವಿ ಯಾವುದು ಅಂತ ನಿಂಗೆ ಗೊತ್ತಾ?’ ಅಂದಳು. ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನನ್ನು ಕೇಳಬೇಕು.