ಡಬ್ಬಿಯ ಮುಚ್ಚಳವೂ ಪಥ್ಯದ ಮಾತೇ

ಬೆರಳುಗಳ ಕೀಲುನೋವು, ಲಕ್ವ, ಕೈನಡುಕ ಎಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬರುವ ಹಿರಿಯರಿಗೆ ನಾವು ಪಥ್ಯ ಹೇಳಿ ಕಳಿಸುತ್ತೇವೆ. ಆ ಆಹಾರವಿರುವ ಡಬ್ಬಿಯನ್ನು ಅವರು ತೆರೆಯಬಲ್ಲರೇ? ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ತಿರುಪು ಮುಚ್ಚಳದ ಜೊತೆ ಸೆಣಸಿ ಸೋತು, ಸಂಜೆ ‘ಹಸಿವೇ ಇರಲಿಲ್ಲ’ ಎನ್ನುವ ದಾದಿ ನಿಮ್ಮ ಮನೆಯಲ್ಲೂ ಇರಬಹುದು.

ಗುಂಡಿ ತಿರುಗಿಸಿದರೆ ಧಾನ್ಯ ಸುರಿಯುವ ಡಿಸ್ಪೆನ್ಸರ್‌ಗಳು ಈಗ ಅಂಗಡಿಯಲ್ಲಿವೆ. ಕೊಳ್ಳುವ ಮುನ್ನ ನೀವೇ ಮುಷ್ಟಿ ಬಿಗಿಹಿಡಿದು, ಬೆರಳು ಬಳಸದೆ, ಒಂದೇ ಕೈಯಲ್ಲಿ ನಡೆಸಿ ನೋಡಿ. ತಿರುಗಿಸುವ ಗುಂಡಿ ಸೋಲುತ್ತದೆ. ಅಂಗೈಯಿಂದ ಒತ್ತುವ ಅಗಲ ಹಿಡಿಕೆ ಗೆಲ್ಲುತ್ತದೆ. ಬಟ್ಟಲಿಗೆ ಕೆಳಗೆ ಆಸರೆಯೂ ಬೇಕು.

ಆದರೆ ಅಕ್ಕಿ, ಹುರಿಗಡಲೆ ಜಾರಿದಂತೆ ನಮ್ಮ ರಾಗಿಹಿಟ್ಟು ಜಾರದು. ಮಳೆಗಾಲದ ತೇವಕ್ಕೆ ಒಳಗೇ ಕಟ್ಟಿಕೊಳ್ಳುತ್ತದೆ. ಹಿಟ್ಟಿಗೆ ಅಗಲ ಬಾಯಿಯ, ಸಡಿಲ ಮುಚ್ಚಳದ ಡಬ್ಬಿಯೇ ಸರಿ. ಮುಚ್ಚಳಕ್ಕೆ ನಾಲ್ಕು ಬೆರಳು ತೂರುವಷ್ಟು ದೊಡ್ಡ ಬಳೆಯಂಥ ಹಿಡಿ ಹಾಕಿಸಿ, ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಡಬ್ಬಿ ಜರುಗದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ. ಸಡಿಲ ಮುಚ್ಚಳದೊಳಗೆ ಇರುವೆ ನುಗ್ಗೀತು. ಎರಡು ದಿನಕ್ಕಾಗುವಷ್ಟೇ ತುಂಬಿ, ಖಾಲಿಯಾದಾಗ ತೊಳೆದು ಬಿಸಿಲಲ್ಲಿ ಒಣಗಿಸಿ. ಚಮಚದ ಬಟ್ಟೆಯನ್ನೂ ಬದಲಿಸಿ.

ಅಮೆರಿಕದ ಸ್ಯಾಮ್ ಫಾರ್ಬರ್ ಕೀಲುನೋವಿದ್ದ ಪತ್ನಿಯ ಕಷ್ಟ ಕಂಡು ದಪ್ಪ ರಬ್ಬರ್ ಹಿಡಿಯ ಅಡುಗೆ ಸಲಕರಣೆಗಳನ್ನು 1990ರಲ್ಲಿ ಮಾರುಕಟ್ಟೆಗೆ ತಂದರು. ನಮ್ಮ ಡಬ್ಬಿ ತಯಾರಕರು ಇನ್ನೂ ಗಟ್ಟಿ ಕೈಗಳನ್ನೇ ನೆನೆದು ಮುಚ್ಚಳ ಮಾಡುತ್ತಿದ್ದಾರೆ. ‘ನಾವೇ ಬಡಿಸುತ್ತೇವಲ್ಲ’ ಎನ್ನಬೇಡಿ. ಬಡಿಸುವುದು ಖಿದ್ಮತ್, ನಿಜ. ನೀವಿಲ್ಲದ ಹೊತ್ತಿನಲ್ಲೂ ಅವರು ಯಾರನ್ನೂ ಕೇಳದೆ ತಿನ್ನುವಂತಿರಬೇಕು. ತಗಡಿನ ಕೆಲಸದವರ ಬಳಿ ಡಬ್ಬಿ ಒಯ್ಯುವಾಗ ದಾದಿಯನ್ನೂ ಕರೆದೊಯ್ಯಿರಿ. ಹಿಡಿಯ ಅಳತೆಯನ್ನು ಅವರ ಕೈಯಿಂದಲೇ ತೆಗೆಸಿ.